ಬಾಚಣಿಗೆ ಡ್ರಾಯರಿನ ಔಷಧಿ

ಪಾಪಾ ಫೋರ್ಕ್ ಕಣಿವೆಯಲ್ಲಿ ಓಲೀಟಾ ರ್ಯಾಟ್ಲಿಫ್‌ಳ ಕೈಗೆ ತಲೆ ಕೊಡದ ಹೆಂಗಸೇ ಇರಲಿಲ್ಲ. ಮದುವೆಯ ಹಿಂದಿನ ದಿನ ಗುಂಗುರು ಮಾಡಿಸಿಕೊಂಡವರು ಮಗು ಹುಟ್ಟಿದ ಮೇಲೆ ಮೋಟು ಮಾಡಿಸಲು ಬರುತ್ತಿದ್ದರು, ನರೆತ ಮೇಲೆ ಬಣ್ಣ ಹಚ್ಚಿಸಲು ಬರುತ್ತಿದ್ದರು. ಕೊನೆಗೆ ಶವಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ತಲೆ ಬಾಚಿ ಕಳಿಸುವುದಕ್ಕೆ ಅವಳೇ ಆಗಬೇಕಿತ್ತು. “ನನ್ನ ಮುಂದೆ ಎದುರು ಮಾತಾಡ್ದೆ ಇರೋರು ಅಂದ್ರೆ ಇವರೊಬ್ಬರೇ ನೋಡು” ಎಂದು ಅಂಥ ಹೊತ್ತಿನಲ್ಲೂ ಒಂದು ಮಾತು ಹಾರಿಸುವಳು. ಅಳುತ್ತಿದ್ದ ಮನೆಯವರೂ ಮೂಗೊರೆಸಿಕೊಂಡು ನಗುವರು.

ಹಿಂದೆ ಗಣಿ ಕಂಪನಿಯ ದಿನಸಿ ಮಳಿಗೆಯಾಗಿದ್ದ ಕಟ್ಟಡದ ಒಂದು ಪಾಲಿನಲ್ಲಿ ಅವಳ ಅಂಗಡಿ. ಗೋಡೆಯುದ್ದಕ್ಕೂ ಕೂದಲೊಣಗಿಸುವ ಯಂತ್ರಗಳು, ಒಂದೊಂದಕ್ಕೂ ಬೋರಲು ಹಾಕಿದ ಕೊಳಗದಂಥ ಟೋಪಿ. ಅದರೊಳಗೆ ತಲೆ ತೂರಿಸಿ ಕೂತವರಿಗೆ ಗಾಳಿಯ ಸದ್ದಿನಲ್ಲಿ ಏನೂ ಕೇಳಿಸದು. ಹಾಗಾಗಿ ಎಲ್ಲರೂ ಅರಚಿಯೇ ಮಾತಾಡಬೇಕು. ಕಣಿವೆಯ ಗುಟ್ಟುಗಳೆಲ್ಲ ಅಲ್ಲಿ ಕೂಗಿನಲ್ಲೇ ವಿನಿಮಯವಾಗುತ್ತಿದ್ದವು, ಎದುರುಗಡೆ ಪೆಟ್ರೋಲ್ ಹಾಕಿಸುತ್ತಿದ್ದ ಗಂಡಸರಿಗೂ ಒಂದಷ್ಟು ಪಾಲು ಸಿಗುತ್ತಿತ್ತು.

ಒಂದು ಚಳಿಗಾಲ ಅಂಗಡಿಯ ಕಾಲೊರಸು ಝಾಡಿಸಲು ಹೊರಗೆ ಬಂದವಳು ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ನೋವು ಕೂಡಿಕೊಂಡೇ ಉಳಿಯಿತು. ಆಗಿದ್ದ ಹಳೆಯ ಡಾಕ್ಟರು ಕನಿಕರದ ಮನುಷ್ಯ. ನೋವೆಂದರೆ ಅಫೀಮಿನ ಜಾತಿಯ ಮಾತ್ರೆ ಬರೆದುಕೊಡುತ್ತಿದ್ದರು, ಸಾಲದೆಂದರೆ ಇನ್ನೊಂದು ಸೇರಿಸುತ್ತಿದ್ದರು, ನಿದ್ದೆಯಿಲ್ಲವೆಂದರೆ ಅದಕ್ಕೂ ಬೇರೆ ಮಾತ್ರೆ. ಮೊದಲ ವಾರ ಓಲೀಟಾಳಿಗೆ ಸೊಂಟವೇ ಇಲ್ಲವೇನೋ ಎನ್ನುವಷ್ಟು ಹಗುರ. ವರ್ಷಗಳು ಉರುಳಿದಂತೆ ಮಾತ್ರೆ ಹೆಚ್ಚುತ್ತ ಹೋಯಿತು, ಹಗುರ ಕಮ್ಮಿಯಾಗುತ್ತ ಬಂತು. ಆದರೂ ಅವಳು ತನ್ನನ್ನು ಚಟದವಳೆಂದು ಒಮ್ಮೆಯೂ ಎಣಿಸಲಿಲ್ಲ. ಚಟದವರೆಂದರೆ ಸೇತುವೆಯಾಚೆಯ ಮುರುಕು ಟ್ರೈಲರು ಮನೆಗಳಲ್ಲಿ ಇರುವವರು. ತನ್ನ ಸೀಸೆಯ ಮೇಲೆ ಡಾಕ್ಟರ ಹೆಸರಿದೆ, ತನ್ನ ಹೆಸರಿದೆ. ಇನ್ನೇನು ಬೇಕು?

ಕೈಬೆರಳು ಮಾತ್ರ ಬೇರೆ ಕತೆ ಹೇಳುತ್ತಿತ್ತು. ಮಾತಿನ ನಡುವೆ ಬಾಚಣಿಗೆ ನಿಲ್ಲುವುದು, ನಿಂತಲ್ಲೇ ರೆಪ್ಪೆ ಕೂಡುವುದು. ಒಮ್ಮೆ ಗಾರ್ನೆಟ್ ಹೆನ್ಸ್ಲಿಯ ತಲೆಗೆ ಗುಂಗುರಿನ ಮದ್ದು ಹಚ್ಚಿ ಕುರ್ಚಿಯಲ್ಲಿ ಕೂತವಳು ತೂಕಡಿಸಿಬಿಟ್ಟಳು. ತೊಳೆಯುವ ಹೊತ್ತಿಗೆ ಗಾರ್ನೆಟ್‌ಳ ಕೂದಲು ಸುಟ್ಟ ಶಾವಿಗೆಯ ಹಾಗೆ ಬೆರಳಿಗೆ ಬಂತು. ಗಾರ್ನೆಟ್ ಅವಳ ಬಾಲ್ಯದ ಗೆಳತಿ, ಪಕ್ಕದ ಮನೆಯವಳು. ಬೇಸಿಗೆಯುದ್ದಕ್ಕೂ ಚರ್ಚಿಗೆ ಹಸಿರು ಸ್ಕಾರ್ಫ್ ಕಟ್ಟಿಕೊಂಡು ಹೋದಳು. ಕೇಳಿದವರಿಗೆಲ್ಲ “ಪ್ಯಾರಿಸ್ಸಲ್ಲಿ ಈಗ ಇದೇ ನಡೀತಿರೋದು” ಎಂದು ಹೇಳಿದಳೇ ಹೊರತು ಗೆಳತಿಯ ಹೆಸರೆತ್ತಲಿಲ್ಲ.

ಹಳೆಯ ಡಾಕ್ಟರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಅವರ ಜಾಗಕ್ಕೆ ಬಂದದ್ದು ಇದೇ ಕಣಿವೆಯ ಹುಡುಗಿ, ಮಾರಿಸ್ ಟ್ಯಾಕೆಟ್. ಓಲೀಟಾ ಖುಷಿಯಾದಳು. ನಮ್ಮ ಹುಡುಗಿ, ಕೇಳಿದ್ದು ಕೊಡುತ್ತಾಳೆ.

“ಏನಮ್ಮಾ ಡಾಕ್ಟ್ರಮ್ಮ, ನಿನ್ನ ತಲೇಲಿ ಹೇನು ಹೆಕ್ಕಿದ್ದು ಯಾರು ಅಂತ ಜ್ಞಾಪಕ ಇದ್ಯಾ?” ಎನ್ನುತ್ತಲೇ ಒಳಗೆ ಹೋದಳು.

“ಇದೆ ಓಲೀಟಾ ಆಂಟಿ. ಮುಂಗೂದಲು ಓರೆಕೋರೆ ಕತ್ತರಿಸಿದ್ದೂ ಜ್ಞಾಪಕ ಇದೆ. ಆ ವರ್ಷದ ಸ್ಕೂಲ್ ಫೋಟೋ ಅಮ್ಮ ಇನ್ನೂ ಗೋಡೆಯಿಂದ ಇಳಿಸಿಲ್ಲ.”

“ಕಪ್ಪೆ ಥರ ಕುಣೀದೆ ಕೂತಿದ್ರೆ ನೆಟ್ಟಗಿರ್ತಿತ್ತು.”

ಮಾರಿಸ್ ನಕ್ಕಳು. ಸೊಂಟ ಒತ್ತಿ ನೋಡಿದಳು, ನಡೆಸಿ ನೋಡಿದಳು, ನಿದ್ದೆ ಹೇಗೆ, ಮಲಗಿದಾಗ ಗೊರಕೆ ಹೇಗೆ, ಮಲ ಸರಿಯಾಗಿ ಹೋಗುತ್ತದೆಯೇ ಎಂದೆಲ್ಲ ಕೇಳಿದಳು. ಇಷ್ಟು ಹೊತ್ತು ಯಾವ ಡಾಕ್ಟರೂ ತನ್ನ ಮಾತು ಕೇಳಿದ್ದು ಓಲೀಟಾಳಿಗೆ ನೆನಪಿರಲಿಲ್ಲ. ಕೊನೆಗೆ ಮಾರಿಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಆಂಟಿ, ನೋವಿನ ಮಾತ್ರೇನೂ ನಿದ್ದೆ ಮಾತ್ರೇನೂ ಎರಡೂ ಉಸಿರನ್ನ ನಿಧಾನ ಮಾಡ್ತವೆ. ಒಂದೇ ಇದ್ರೆ ಮೈ ಹೇಗೋ ತಡ್ಕೊಳ್ಳುತ್ತೆ. ಎರಡೂ ಸೇರಿದ್ರೆ ಒಂದು ದಿನ ಉಸಿರಾಡೋದೇ ಮರೆತುಬಿಡುತ್ತೆ. ನಂಗೆ ನಿಮ್ಮ ವಿಷಯದಲ್ಲಿ ಭಯ ಆಗುತ್ತೆ.”

“ನಂಗೆ ಚಟ ಹತ್ತಿದೆ ಅಂತೀಯೇನೇ?”

“ನಿಮಗೆ ನೋವಿದೆ ಅಂತೀನಿ. ಮೈ ಮಾತ್ರೆಗೆ ಒಗ್ಗಿಹೋಗಿದೆ ಅಂತೀನಿ. ಇವತ್ತೇ ನಿಲ್ಲಿಸಿ ಅನ್ನಲ್ಲ, ಹಾಗೆ ನಿಲ್ಲಿಸೋದು ಕ್ರೂರ, ಅಪಾಯಾನೂ ಹೌದು. ಸ್ವಲ್ಪ ಸ್ವಲ್ಪ ಇಳಿಸೋಣ. ನಿಮ್ಮ ಮೈ ಒಪ್ಪಿದಷ್ಟೇ. ನೋವಿಗೆ ಬೇರೆ ದಾರೀನೂ ಹುಡುಕೋಣ.”

ಅದರ ಜೊತೆ ಒಂದು ಪುಟ್ಟ ಬಿಳಿ ಪೊಟ್ಟಣ ಕೊಟ್ಟಳು. ಮೂಗಿಗೆ ಹೊಡೆಯುವ ಸ್ಪ್ರೇ, ನಲೋಕ್ಸೋನ್ ಎಂದು ಹೆಸರು. ಮಾತ್ರೆ ಹೆಚ್ಚಾಗಿ ಉಸಿರು ನಿಂತರೆ ಪಕ್ಕದಲ್ಲಿರುವವರು ಇದನ್ನು ಹೊಡೆಯಬೇಕು.

ಓಲೀಟಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಇದು ಸೇತುವೆಯಾಚೆಯವರಿಗೆ ಕೊಡುವ ವಸ್ತು. ಅಂಗಡಿಗೆ ಬಂದವಳೇ ಪೊಟ್ಟಣವನ್ನು ಕಸದ ಡಬ್ಬಿಗೆ ಎಸೆದು, ಮಾರಿಸ್‌ಳ ಏಳು ತಲೆಮಾರನ್ನು ಒಣಗಿಸುವ ಯಂತ್ರಗಳಿಗಿಂತ ಜೋರಾಗಿ ಜಾಲಾಡಿದಳು. “ನನ್ನ ಕತ್ತರೀಲಿ ದೊಡ್ಡವಳಾದವಳು ನಂಗೇ ಬುದ್ಧಿ ಹೇಳ್ತಾಳೆ.”

ಅಲ್ಲೇ ಕೂತಿದ್ದ ಗಾರ್ನೆಟ್ ಎದ್ದು ಹೋಗಿ ಕಸದ ಡಬ್ಬಿಯೊಳಗಿನ ಕೂದಲನ್ನು ಕೊಡವಿ ಪೊಟ್ಟಣ ಎತ್ತಿದಳು, ಕನ್ನಡಕ ಏರಿಸಿ ಅದರ ಮೇಲೆ ಬರೆದದ್ದನ್ನು ಮೊದಲಿಂದ ಕೊನೆಯವರೆಗೂ ಓದಿದಳು. ಆಮೇಲೆ ಬಾಚಣಿಗೆಗಳಿಡುವ ಡ್ರಾಯರು ತೆಗೆದು ಒಳಗಿಟ್ಟಳು.

“ಡ್ವೈಟ್ ಹೋದಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ ಕಣೇ” ಎಂದಳು. “ಗೊರಕೆ ಹೊಡೀತಿದಾನೆ, ಮಲಗಲಿ ಪಾಪ ಅಂತ ಕಂಬಳಿ ಹೊದಿಸಿದೆ. ಇದು ಇಲ್ಲೇ ಇರಲಿ.”

ಡ್ವೈಟ್ ಅವಳ ಒಬ್ಬನೇ ಮಗ. ಗಣಿಯಲ್ಲಿ ಭುಜಕ್ಕೆ ಪೆಟ್ಟು ಬಿದ್ದವನಿಗೆ ಮಾತ್ರೆಯಿಂದ ಶುರುವಾದದ್ದು ಸಮಾಧಿಯಲ್ಲಿ ಮುಗಿದಿತ್ತು. ಆ ದಿನ ಅವನ ತಲೆ ಬಾಚಿ ಕಳಿಸಿದ್ದು ಓಲೀಟಾಳೇ. ಡ್ರಾಯರು ಮುಚ್ಚಿತು.

ಮಾರಿಸ್ ಹೇಳಿದ ಇಳಿಕೆಗೆ ಓಲೀಟಾ ಅರೆಮನಸ್ಸಿನಿಂದ ಒಪ್ಪಿದಳು, ಅರೆಮನಸ್ಸಿನಿಂದಲೇ ಪಾಲಿಸಿದಳು. ನೋವು ಬಂದ ದಿನ ಹಳೆಯ ಲೆಕ್ಕ, ಮಾರಿಸ್ ಕೇಳುವ ದಿನ ಹೊಸ ಲೆಕ್ಕ. ಹೀಗಿರುವಾಗ ಶರತ್ಕಾಲದಲ್ಲಿ ಎದೆಗೆ ಕಫ ಕಟ್ಟಿತು. ಒಂದು ಶನಿವಾರ ಬೆಳಗ್ಗೆ ನೋವಿನ ಮಾತ್ರೆ ನುಂಗಿದ್ದಳು. ಕೆಮ್ಮಿಗೆಂದು ಮನೆಯಲ್ಲಿ ಉಳಿದಿದ್ದ ಹಳೆಯ ಕೆಮ್ಮಿನ ಔಷಧಿ ಕುಡಿದಿದ್ದಳು, ಅದರಲ್ಲೂ ಅದೇ ಜಾತಿಯ ಮದ್ದಿದೆ ಎಂದು ತಿಳಿಯದೆ. ಹಿಂದಿನ ರಾತ್ರಿಯ ನಿದ್ದೆ ಮಾತ್ರೆಯೂ ಮೈಯಲ್ಲಿ ಇನ್ನೂ ಕರಗಿರಲಿಲ್ಲ. ಮಧ್ಯಾಹ್ನ ಗಾರ್ನೆಟ್‌ಳ ತಲೆಗೆ ಸುರುಳಿ ಸುತ್ತಿ ಯಂತ್ರದ ಕೆಳಗೆ ಕೂರಿಸಿ, ತಾನು ತೊಳೆಯುವ ಕುರ್ಚಿಗೆ ಒರಗಿದಳು.

ಗಾರ್ನೆಟ್ ಟೋಪಿಯೊಳಗಿಂದ ತನ್ನ ಸೋದರತ್ತೆಯ ಪಿತ್ತಕೋಶದ ಕತೆ ಅರಚುತ್ತಿದ್ದಳು. ಅರ್ಧ ಕತೆಯಾದರೂ ಓಲೀಟಾಳಿಂದ ಒಂದು ಕೊಂಕೂ ಬರಲಿಲ್ಲ. ಅದೇ ಅವಳಿಗೆ ಮೊದಲು ಅನುಮಾನ ಹುಟ್ಟಿಸಿದ್ದು. ತಲೆ ಹೊರತೆಗೆದು ನೋಡಿದಳು. ಗೊರಕೆಯಂಥ, ಗೊರಕೆಯಲ್ಲದ ಒಂದು ಗೊರಗೊರ. ಅದು ನಿಂತಿತು, ಬಹಳ ಹೊತ್ತಿನ ಮೇಲೆ ಮತ್ತೆ ಒಂದು. ತುಟಿ ನೇರಳೆಹಣ್ಣು ತಿಂದಂತೆ. ಈ ಸದ್ದನ್ನು ಗಾರ್ನೆಟ್ ಒಮ್ಮೆ ಕೇಳಿದ್ದಳು.

ಈ ಸಲ ಅವಳು ಕಂಬಳಿ ಹುಡುಕಲಿಲ್ಲ. ಹೆಸರು ಹಿಡಿದು ಕೂಗಿ, ಎದೆಯ ಮೂಳೆಯನ್ನು ಗೆಣ್ಣಿನಿಂದ ಬಲವಾಗಿ ಉಜ್ಜಿದಳು. ಏಳಲಿಲ್ಲ. ಫೋನಿನಲ್ಲಿ ಆಂಬುಲೆನ್ಸಿಗೆ ಕೂಗುತ್ತಲೇ ಡ್ರಾಯರನ್ನು ಎಳೆದ ರಭಸಕ್ಕೆ ಬಾಚಣಿಗೆಗಳೆಲ್ಲ ನೆಲದ ತುಂಬ ಹರಡಿದವು. ಗೆಳತಿಯನ್ನು ಕುರ್ಚಿಯಿಂದ ನೆಲಕ್ಕೆ ಜಗ್ಗಿ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಗೆ ಸ್ಪ್ರೇಯ ತುದಿಯಿಟ್ಟು ಒತ್ತಿದಳು. ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಏನೂ ಆಗಲಿಲ್ಲ. ಗೋಡೆಯ ಗಡಿಯಾರವನ್ನು ದಿಟ್ಟಿಸುತ್ತ ಊದುತ್ತ ಕೂತಳು, ಆಮೇಲೆ ಪೊಟ್ಟಣದಲ್ಲಿದ್ದ ಎರಡನೆಯ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಒತ್ತಿದಳು.

ಓಲೀಟಾ ಬಾವಿಯಿಂದ ಮೇಲೆ ಬಂದವಳ ಹಾಗೆ ಉಸಿರೆಳೆದು ಕಣ್ಣು ಬಿಟ್ಟಳು. ನೆಲ ನೋಡಿದಳು.

“ನನ್ನ ಬಾಚಣಿಗೆ ಡ್ರಾಯರು ಯಾರು ಕೆದಕಿದ್ದು?” ಎಂದಳು.

ಗಾರ್ನೆಟ್ ಅವಳ ಪಕ್ಕದಲ್ಲೇ ಕುಸಿದು ಕೂತಳು, ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದಳು. ಆಂಬುಲೆನ್ಸಿನವರು ಬಂದಾಗ ಓಲೀಟಾ ನಾನು ಸರಿಯಾಗಿದ್ದೀನಿ, ಇನ್ನೂ ತಲೆಗಳು ಬಾಕಿ ಇವೆ ಎಂದು ಹಟ ಹಿಡಿದಳು. “ಸ್ಪ್ರೇ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತೆ ಅಮ್ಮಾ, ಮೈಯಲ್ಲಿರೋ ಮಾತ್ರೆ ಇಳಿದಿರಲ್ಲ. ಆಗ ಮತ್ತೆ ಮುಳುಗ್ತೀರಿ” ಎಂದು ಅವರು ಸ್ಟ್ರೆಚರಿಗೆ ಕಟ್ಟಿದರು. ಗಾರ್ನೆಟ್ ತಲೆ ತುಂಬ ಸುರುಳಿ, ಕೊರಳಿಗೆ ಪ್ಲಾಸ್ಟಿಕ್ ಮೇಲುಹೊದಿಕೆಯೊಂದಿಗೆ ಅದೇ ಗಾಡಿ ಹತ್ತಿದಳು. ಆಸ್ಪತ್ರೆಯಲ್ಲಿ ಸುರುಳಿ ಬಿಚ್ಚಲು ಯಾರಿಗೂ ನೆನಪಾಗದೆ, ಮನೆಗೆ ಬರುವಷ್ಟರಲ್ಲಿ ಅವಳ ತಲೆ ಬೆದರಿದ ಮುಳ್ಳುಹಂದಿಯಾಗಿತ್ತು.

“ಒಂದು ಸಲ ನೀನು ನಿದ್ದೆ ಹೋಗಿ ನನ್ನ ಕೂದ್ಲು ಸುಟ್ಟೆ, ಇನ್ನೊಂದು ಸಲ ನೀನು ಸತ್ತುಹೋಗಿ ಕೆಡಿಸ್ದೆ. ಮೂರನೇ ಸಲ ನಾನು ಬೇರೆ ಅಂಗಡಿ ನೋಡ್ಕೋತೀನಿ” ಎಂದಳು ಗಾರ್ನೆಟ್.

ಮಾರಿಸ್ ನೋಡಲು ಬಂದಾಗ ಓಲೀಟಾ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಬಯ್ಯುತ್ತಾಳೆ ಎಂದು ಕಾದಳು. ಮಾರಿಸ್ ಬಯ್ಯಲಿಲ್ಲ. “ನಾನೇ ಕೆಮ್ಮಿನ ಔಷಧಿ ವಿಷಯ ಕೇಳಬೇಕಿತ್ತು” ಎಂದಳು. ಆ ಒಂದು ಮಾತಿಗೆ ಓಲೀಟಾ ಕರಗಿದಳು.

“ಸರಿ ಕಣೇ ಪುಟ್ಟಿ, ಈಗ ನಿಜವಾಗ್ಲೂ ಶುರು ಮಾಡೋಣ. ಆದ್ರೆ ನಾನು ಬಯ್ತೀನಿ.”

“ಬಯ್ರಿ. ಅದಕ್ಕೇನೂ ಮಿತಿ ಇಲ್ಲ.”

ಇಳಿಕೆ ಸುಲಭವಾಗಿರಲಿಲ್ಲ. ಮಾತ್ರೆ ಕಮ್ಮಿಯಾದ ವಾರಗಳಲ್ಲಿ ಬೆವರು, ಕಾಲಿನೊಳಗೆ ಇರುವೆ ಹರಿದಂತೆ ಚಡಪಡಿಕೆ, ಸಣ್ಣದಕ್ಕೂ ಅಳು. ಅವಳ ಗಂಡ ಹೋಬರ್ಟ್ ಗಣಿಯಿಂದ ನಿವೃತ್ತನಾಗಿ ಜೇನು ಸಾಕುತ್ತಿದ್ದ, ಮಾತು ಕಮ್ಮಿ. ಅವನು ಮಾತ್ರೆಗಳಿಗೆ ಬೀಗದ ಡಬ್ಬಿ ಮಾಡಿಸಿದ. ಅವತ್ತವತ್ತಿನದನ್ನು ಅವತ್ತವತ್ತು ಎಣಿಸಿ ಕೊಡುತ್ತಿದ್ದ. ಬೀಗದ ಕೈಯನ್ನು ಜೇನುಪೆಟ್ಟಿಗೆಯ ಮುಚ್ಚಳದಡಿ ಇಟ್ಟಿದ್ದ. ಓಲೀಟಾಳಿಗೆ ಜೇನುನೊಣವೆಂದರೆ ಪ್ರಾಣಭಯ.

“ಬೀಗದ ಕೈ ಎಲ್ಲಿಟ್ಟಿದೀಯಾ ಹೇಳು ಮುದುಕಾ” ಎಂದು ಒಂದು ದಿನ ಅವಳು ಸಿಡಿದಳು.

“ಹೇಳಿದೀನಲ್ಲ. ಹೋಗಿ ತಗೋ. ಅವಕ್ಕೂ ನಿನ್ನ ಪರಿಚಯ ಆಗಲಿ” ಎಂದ ಅವನು ಪೈಪಿಗೆ ಹೊಗೆಸೊಪ್ಪು ತುಂಬುತ್ತ. ಅವಳು ಪಾತ್ರೆಯೊಂದನ್ನು ಸಿಂಕಿಗೆ ಎಸೆದಳು, ಆಮೇಲೆ ಅದನ್ನೇ ತೊಳೆದು ಇಟ್ಟಳು.

ಚಳಿ ಬಲವಾದಾಗ ಇಳಿಕೆಯ ಒಂದು ಹಂತ ತಡೆಯಲಾರದೆ ಮಾರಿಸ್‌ಳ ಮುಂದೆ ಅತ್ತಳು. ತಾನು ಸೋತೆ ಎಂದಳು. “ಸೋತಿಲ್ಲ. ಇಲ್ಲೇ ಸ್ವಲ್ಪ ದಿನ ನಿಲ್ಲೋಣ. ಮೆಟ್ಟಿಲಿಳಿಯೋರು ನಡುವೆ ನಿಂತು ಉಸಿರು ತಗೊಳ್ಳಲ್ವಾ?” ಎಂದು ಮಾರಿಸ್ ಮಾತ್ರೆಯ ಇಳಿಕೆಯನ್ನು ಅಷ್ಟಕ್ಕೇ ನಿಲ್ಲಿಸಿದಳು, ವಾರಕ್ಕೆರಡು ದಿನ ಹೈಸ್ಕೂಲಿನ ಬಿಸಿನೀರಿನ ಕೊಳಕ್ಕೆ ಕಳಿಸಿದಳು. ಓಲೀಟಾ ಹೂವಿನ ಸ್ನಾನದ ಟೋಪಿ ಹಾಕಿ ನೀರಲ್ಲಿ ನಡೆದಳು, ಗಾರ್ನೆಟ್ ಬೆಂಬಲಕ್ಕೆಂದು ಇಳಿದು ಒಂದೇ ಸಮನೆ ಚಳಿಯೆಂದು ಗೊಣಗಿದಳು. ನೋವು ಹೋಗಲಿಲ್ಲ. ಆದರೆ ಜೊತೆಯಲ್ಲಿ ಬದುಕುವಷ್ಟು ಮೆತ್ತಗಾಯಿತು. ಒಂದು ಬೆಳಗ್ಗೆ ಜೋಳದ ರೊಟ್ಟಿಗೆ ಬೆಣ್ಣೆ ಸವರಿ ಬಾಯಿಗಿಟ್ಟವಳು ಥಟ್ಟನೆ ನಿಂತಳು.

“ಹೋಬರ್ಟ್, ಬೆಣ್ಣೆ ಬದಲಾಯಿಸಿದ್ಯಾ?”

“ಇಲ್ಲ. ಅದೇ ಬೆಣ್ಣೆ.”

“ರುಚಿ ಇದೆ” ಎಂದು ಇನ್ನೆರಡು ರೊಟ್ಟಿ ತಿಂದಳು. ಹೋಬರ್ಟ್ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಮಾತ್ರೆ ನುಂಗಿದ್ದ ರುಚಿ ಅವಳ ನಾಲಗೆಗೆ ವಾಪಸಾದದ್ದಕ್ಕೆ ಅವನಷ್ಟು ಸಂತೋಷಪಟ್ಟವರು ಇನ್ನಾರೂ ಇರಲಿಕ್ಕಿಲ್ಲ.

ಅಂಗಡಿಯಲ್ಲಿ ನಡೆದದ್ದನ್ನು ಮುಚ್ಚಿಡಬಹುದಿತ್ತು. ಎದೆಗೆ ಸಂಬಂಧಿಸಿದ್ದು ಎಂದು ಹೋಬರ್ಟ್ ಆಗಲೇ ನಾಲ್ಕು ಜನಕ್ಕೆ ಹೇಳಿದ್ದ. ಓಲೀಟಾ ಆಸ್ಪತ್ರೆಯಿಂದ ಬಂದು ಅಂಗಡಿ ತೆರೆದ ಮೊದಲ ದಿನವೇ ಯಂತ್ರಗಳೆಲ್ಲವನ್ನೂ ಆರಿಸಿ, ಬಾಗಿಲ ಬಳಿ ನಿಂತು ಹೇಳಿದಳು: “ಎದೆ ನೋವಲ್ಲ, ಮಾತ್ರೆ ಜಾಸ್ತಿಯಾಗಿ ಸತ್ತಿದ್ದೆ. ಈ ಮುಳ್ಳುಹಂದಿ ಎಬ್ಬಿಸ್ತು. ನಿಮ್ಮ ಮನೇಲಿ ಯಾರ್ಯಾರ ಅಲ್ಮೇರದಲ್ಲಿ ನನ್ನಂಥ ಸೀಸೆ ಇದೆ ಅಂತ ನಂಗೊತ್ತು. ಯಾಕಂದ್ರೆ ನೀವೇ ಇಲ್ಲಿ ಕೂತು ಕಿರುಚಿದೀರಿ. ಈಗ ಕಲೀರಿ.”

ಮಾರಿಸ್ ಪೆಟ್ಟಿಗೆ ತುಂಬ ಸ್ಪ್ರೇ ಕಳಿಸಿದಳು. ಗುಂಗುರಿನ ಮದ್ದು ಹಿಡಿಯುವ ಹೊತ್ತು ಪಾಠದ ಹೊತ್ತಾಯಿತು. ಕೂದಲು ಕತ್ತರಿಸುವುದನ್ನು ಕಲಿಯಲು ಇಟ್ಟಿದ್ದ ರಬ್ಬರಿನ ತಲೆಯ ಮೂಗಿಗೆ ಎಲ್ಲರೂ ಖಾಲಿ ಸ್ಪ್ರೇ ಒತ್ತಿ ಕಲಿತರು. ಗಾರ್ನೆಟ್ ಮೇಷ್ಟ್ರು. “ಮೊದಲು ಆಂಬುಲೆನ್ಸು. ಆಮೇಲೆ ಮೂಗು. ಉಸಿರು ಬಂದ್ರೆ ಪಕ್ಕಕ್ಕೆ ಹೊರಳಿಸಿ, ಬಿಟ್ಟು ಹೋಗ್ಬೇಡಿ. ಬಯ್ದ್ರೆ ಬದುಕಿದಾರೆ ಅಂತ ಅರ್ಥ.”

ಚರ್ಚಿನ ಪಾದ್ರಿ ಆರ್ವಿಲ್‌ಗೆ ಇದು ಹಿಡಿಸಲಿಲ್ಲ. ಭಾನುವಾರ ಮೆಟ್ಟಿಲ ಬಳಿ ಅವಳನ್ನು ತಡೆದು, “ಇಂಥದ್ದನ್ನ ಹಂಚಿದ್ರೆ ಜನಕ್ಕೆ ಧೈರ್ಯ ಬರುತ್ತೆ ಓಲೀಟಾ. ತಾವೇ ತಂದ್ಕೊಂಡ ಕಷ್ಟ” ಎಂದರು.

“ನಿಮ್ಮ ಕಾರಲ್ಲಿ ಬೆಲ್ಟು ಇದೆಯಲ್ಲ ಪಾದ್ರಿಗಳೇ, ಅದನ್ನ ಕಟ್ಕೊಂಡ ಮೇಲೆ ಮರಕ್ಕೆ ಗುದ್ದೋಣ ಅನ್ಸುತ್ತಾ?” ಎಂದಳು. ಅವರು ಹವಾಮಾನದ ಬಗ್ಗೆ ಮಾತಾಡಿ ಹೊರಟರು. ಒಂದು ತಿಂಗಳು ಕಳೆದಿರಬಹುದು, ಅಂಗಡಿಯ ಹಿಂಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ಪಾದ್ರಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಹೆಂಡತಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿತ್ತು.

“ಆಸ್ಪತ್ರೆಯವರು ಅವಳಿಗೂ ಅದೇ ಮಾತ್ರೆ ಕೊಟ್ಟಿದಾರೆ. ಮಧ್ಯಾಹ್ನ ಎಬ್ಬಿಸಿದ್ರೆ ಬೇಗ ಏಳಲ್ಲ” ಎಂದರು.

ಓಲೀಟಾಳ ನಾಲಗೆ ತುದಿಗೆ ಒಂದು ಒಳ್ಳೆಯ ಕೊಂಕು ಮಾತು ಬಂದಿತ್ತು. ನುಂಗಿಕೊಂಡಳು. ಮೊದಲು ಅವರ ಎದುರಿನಲ್ಲೇ ಮಾರಿಸ್‌ಗೆ ಫೋನ್ ಹಚ್ಚಿ ಮಾತಾಡಿಸಿದಳು. ಅವತ್ತೇ ಮಾತ್ರೆ ಕಮ್ಮಿಯಾಯಿತು. ಆಮೇಲೆ ಅವರನ್ನು ಒಳಗೆ ಕೂರಿಸಿ ರಬ್ಬರಿನ ತಲೆಯ ಮೂಗಿಗೆ ಒತ್ತಿಸಿ, ಕಿವಿಯ ಮೇಲೆ ಬೆಳೆದಿದ್ದ ಕೂದಲನ್ನೂ ಕತ್ತರಿಸಿ ಕಳಿಸಿದಳು. ಮರುಭಾನುವಾರ ಪಾದ್ರಿ ಮನೆಗಳಲ್ಲಿ ಉಳಿದ ಹಳೆಯ ಮಾತ್ರೆಗಳನ್ನೆಲ್ಲ ಪೊಲೀಸರು ಇಟ್ಟಿರುವ ಡಬ್ಬಿಗೆ ಹಾಕಿ ಬನ್ನಿ ಎಂದು ತಾವೇ ಹೇಳಿದರು. ವಸಂತದಲ್ಲಿ ಅಗ್ನಿಶಾಮಕ ಠಾಣೆಯಲ್ಲಿ ಊರಿಗೆಲ್ಲ ಪ್ರತಿವರ್ಷದ ಕಾಡುಬೆಳ್ಳುಳ್ಳಿಯ ಊಟ ಹಾಕಿದಾಗ ಆ ಡಬ್ಬಿಯನ್ನು ಬಾಗಿಲಲ್ಲೇ ಇಟ್ಟಿದ್ದರು. ಆಲೂಗಡ್ಡೆ, ಬೀನ್ಸು, ಬೆಳ್ಳುಳ್ಳಿಯ ನಾತದ ನಡುವೆ ಜನ ಕಾಗದದ ಚೀಲ ತಂದು ಸುರಿದರು. ಒಬ್ಬ ಅಜ್ಜ ಸತ್ತ ನಾಯಿಯ ಮಾತ್ರೆಯನ್ನೂ ತಂದಿದ್ದ.

ಆ ಊಟದಲ್ಲಿ ಬಾಗಿಲ ಬಳಿಯೇ ನಿಂತಿದ್ದವಳು ಮಿಸ್ಟಿ. ಸೇತುವೆಯಾಚೆಯವಳು. ಮೂವತ್ತರ ಹೆಣ್ಣು, ಬಣ್ಣ ಅರ್ಧ ಮಾಸಿದ ಕೂದಲು, ಉದ್ದ ತೋಳಿನ ಅಂಗಿ. ತಟ್ಟೆ ಹಿಡಿದವಳಿಗೆ ಯಾರೂ ಬೆಂಚಿನಲ್ಲಿ ಜಾಗ ಮಾಡಲಿಲ್ಲ. ಓಲೀಟಾ ಗಾರ್ನೆಟ್‌ಳನ್ನು ಮೊಣಕೈಯಿಂದ ಸರಿಸಿ ಕೂರಿಸಿಕೊಂಡಳು. ಮಿಸ್ಟಿ ಬೇಗ ಬೇಗ ತಿಂದಳು. ಏಳುವ ಮುನ್ನ ಮೆಲ್ಲಗೆ ಕೇಳಿದಳು.

“ಆ ಸ್ಪ್ರೇ ನಂಗೂ ಕೊಡ್ತೀರಾ? ಅಥವಾ ಅಂಗಡಿಗೆ ಬರೋರಿಗೆ ಮಾತ್ರಾನಾ?”

“ಅಂಗಡಿಗೆ ಬಾ ಮತ್ತೆ. ಆ ಕೂದಲು ನೋಡಿದ್ರೆ ನಂಗೇ ಉಸಿರು ನಿಲ್ಲುತ್ತೆ.”

ಸೋಮವಾರ ಅಂಗಡಿಗೆ ರಜೆ. ಆದರೂ ಬಾಗಿಲು ತೆರೆದಳು. ಮಿಸ್ಟಿಯ ತಲೆ ತೊಳೆಯುವಾಗ ಬೆಚ್ಚನೆಯ ನೀರಿಗೆ ಆ ಹೆಣ್ಣಿನ ಭುಜ ನಿಧಾನವಾಗಿ ಸಡಿಲವಾದದ್ದು ಓಲೀಟಾಳ ಬೆರಳಿಗೆ ತಿಳಿಯಿತು. ಎಷ್ಟೋ ವರ್ಷದಿಂದ ಯಾರೂ ಅವಳನ್ನು ಮೆತ್ತಗೆ ಮುಟ್ಟಿರಲಿಲ್ಲ. ಮಾತಾಡುತ್ತ ಗೊತ್ತಾಯಿತು, ಅವಳಿಗೂ ಶುರುವಾದದ್ದು ಒಂದು ಹಲ್ಲು ಕಿತ್ತ ಮೇಲೆ ಕೊಟ್ಟ ಸೀಸೆಯಿಂದ.

“ನಂದು ಕಾಲೊರಸಿನಿಂದ” ಎಂದಳು ಓಲೀಟಾ. “ತಲೆ ನೆಟ್ಟಗಿಡು. ಕುಣೀಬೇಡ.”

ಹೋಗುವಾಗ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು ಮಿಸ್ಟಿ. ಸ್ಪ್ರೇಗಳನ್ನು ಜೇಬಿಗೆ ಸೇರಿಸಿ, ಮಾರಿಸ್‌ಳ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದಳು. ಬಸ್ಸಿಲ್ಲ ಎಂದಳು ಓಲೀಟಾ, ಹೋಬರ್ಟ್‌ನನ್ನು ಪಿಕಪ್ ತೆಗೆಯಲು ಕೂಗಿದಳು. ಮುಂದಿನ ಸೋಮವಾರ ಮಿಸ್ಟಿ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಅವರಲ್ಲೊಬ್ಬ ಗಂಡಸು, ಗಡ್ಡ ಎದೆಯವರೆಗೆ.

“ಗಂಡಸರ ಗಡ್ಡ ನಾನು ಮುಟ್ಟಲ್ಲ” ಎಂದು ಓಲೀಟಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಸೊಂಟ ನೋಯುತ್ತಿತ್ತು, ಮಳೆ ಬರುವ ದಿನ. ಆಮೇಲೆ ಮೇಲುಹೊದಿಕೆಯನ್ನು ಪಟಪಟನೆ ಕೊಡವಿ, ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.